ಉರಿ ಆರುವ ತನಕ

"ಇಲ್ನೋಡೋ ಬೋಳಿಮಗನೆ! ಇದೇನು ಬೆಡ್‌ಶೀಟೋ, ನಿಮ್ಮಪ್ಪ ಉಗುಳಿದ ಗೋಡೆಯೋ?"

ಬಾಯ್ಲರಿಗೆ ಉರಿ ಹಾಕುವ ಬೆಂಕಿಯವನು ತಿರುಗುವುದಕ್ಕೂ ಒದ್ದೆ ಬೆಡ್‌ಶೀಟು ಬಂದು ಅವನ ಮುಖಕ್ಕೆ ಪಟಾರನೆ ಬಡಿಯುವುದಕ್ಕೂ ಸರಿಹೋಯಿತು. ಸೋಪಿನ ನೀರು ಕಣ್ಣಿಗಿಳಿಯಿತು. ಬಟ್ಟೆ ಸರಿಸಿ ನೋಡಿದರೆ ಇಡೀ ಲಾಂಡ್ರಿಯೇ ಎದುರಿಗೆ ನಿಂತಿತ್ತು. ಇಸ್ತ್ರಿ ರೋಲರಿನ ಹೆಂಗಸರು ಹದಿನಾಲ್ಕು ಮಂದಿ, ಒಗೆಯುವ ಡ್ರಮ್ಮಿನವರು ಮೂವರು, ಆಸ್ಪತ್ರೆಯಿಂದ ಬಂದ ಗುಮಾಸ್ತ, ಎಲ್ಲರ ಮುಂದೆ ಯಜಮಾನ. ಹೆಂಗಸರ ಸಾಲಿನಲ್ಲಿ ಎರಡನೆಯವಳು ಅವನ ಅಕ್ಕ. ಅವಳೊಬ್ಬಳೇ ನೆಲ ನೋಡುತ್ತಿದ್ದಳು.

ಬೆಡ್‌ಶೀಟಿನ ಉದ್ದಕ್ಕೂ ಕಂದು ಕಲೆ.

"ಸ್ಟೀಮಿನ ಜೊತೆ ಕೆಸರು ಬರ್ತಿದೆ ಸಾರ್," ಎಂದ ಬೆಂಕಿಯವನು. "ಬಾಯ್ಲರ್ ತಳದ ಕೆಸರನ್ನ ದಿನಾ ಬಿಡ್ಬೇಕು. ಒಬ್ಬ ಮುಂದೆ ನಿಂತು ನೀರಿನ ಗಾಜು ನೋಡ್ಬೇಕು, ಇನ್ನೊಬ್ಬ ಹಿಂದೆ ಹೋಗಿ ವಾಲ್ವ್ ತಿರುಗಿಸ್ಬೇಕು. ನೀರು ಜಾಸ್ತಿ ಇಳಿದ್ರೆ ಬಾಯ್ಲರ್ ಸಿಡಿದು ಎಲ್ರೂ ಮಟಾಷ್. ಎರಡು ತಿಂಗಳಿಂದ ನಾನೊಬ್ನೇ ಇದ್ದೀನಿ."

"ಒಬ್ನೇ ಅಂತೆ!" ಯಜಮಾನ ಗುಮಾಸ್ತನ ಕಡೆ ತಿರುಗಿದ. "ಇವನನ್ನ ಹುಟ್ಸೋಕೆ ಮಾತ್ರ ಇಬ್ರು ಸೇರಿದ್ರು. ಸೇರಿ ಏನ್ ಹುಟ್ಸಿದ್ರು ನೋಡ್ರೀ!"

ಗುಮಾಸ್ತ ನಕ್ಕ. ಡ್ರಮ್ಮಿನವರೂ ನಕ್ಕರು. ನಗದೆ ಇದ್ದರೆ ಮುಂದಿನ ಸರದಿ ತಮ್ಮದೇ ಎಂದು ಅವರಿಗೆ ಗೊತ್ತಿತ್ತು.

ಬೆಂಕಿಯವನು ಮುಖ ಒರೆಸಿಕೊಂಡು ಬಾಯ್ಲರ್ ಕೋಣೆಗೆ ಹೋಗಿ ಸೌದೆ ಒಟ್ಟಿದ. ಇನ್ನೇನು ಮಾಡಲಿಕ್ಕಿತ್ತು? ಡ್ರಮ್ಮಿನವನಿಗೆ ರೇಗಿದರೆ ಬಕೆಟ್ಟು ಒದ್ದು ಹೋಗಬಹುದು. ರೋಲರಿನವಳು ಮುಸುಡಿ ತಿರುವಿ ಗೇಟು ದಾಟಬಹುದು. ಉರಿಯುವ ಬಾಯ್ಲರನ್ನು ಬಿಟ್ಟು ಅದರವನು ಎದ್ದು ಹೋಗುವ ಹಾಗಿಲ್ಲ. ಇನ್ನೊಬ್ಬನ ಕೈಗೆ ಒಪ್ಪಿಸಿಯೇ ಹೋಗಬೇಕು. ಯಜಮಾನ ಇದನ್ನು ಚೆನ್ನಾಗಿ ಅರಿತಿದ್ದ. ಉರಿ ಜೋರಾಗಿರುವ ಹೊತ್ತು ನೋಡಿಕೊಂಡೇ ಅವನು ಬಾಯಿ ಬಿಚ್ಚುತ್ತಿದ್ದ.

ಒಪ್ಪಿಸಿಕೊಳ್ಳುವ ಇನ್ನೊಬ್ಬರು ಇದ್ದರು ಒಂದು ಕಾಲದಲ್ಲಿ. ಒಂದೇ ವರ್ಷದಲ್ಲಿ ಮೂವರೂ ಹೋದರು. ಉದ್ದನೆಯವನು ತಾಯಿ ಸತ್ತ ಮೂರನೇ ದಿನ ಕೆಲಸಕ್ಕೆ ಬಂದ. "ಹೆಣ ಎತ್ತೋಕೆ ಮೂರು ದಿನ ಬೇಕೇನೋ, ಆನೆ ಸತ್ತಿತ್ತಾ?" ಎಂದ ಯಜಮಾನ. ಉದ್ದನೆಯವನು ಚಪ್ಪಲಿ ಮೆಟ್ಟಿ ಹೊರಟವನು ಇತ್ತ ತಲೆ ಹಾಕಲಿಲ್ಲ. ಹಾಡುಗಾರ ಹಾಡುವುದನ್ನು ಬಿಟ್ಟ, ಆಮೇಲೆ ಬರುವುದನ್ನೂ ಬಿಟ್ಟ. ಎಲ್ಲರಿಗಿಂತ ಹೆಚ್ಚು ದಿನ ತಡೆದವನು ಕಿವುಡ. ಯಜಮಾನ ಕೂಗಾಡಿದಾಗೆಲ್ಲ ಒಳ್ಳೆಯ ಮಾತೇ ಇರಬೇಕೆಂದು ತಲೆ ಆಡಿಸಿ ನಗುತ್ತಿದ್ದ. ಒಂದು ದಿನ ಯಜಮಾನ ಕೈ ಎತ್ತಿದ. ಅದು ಕಿವುಡನಿಗೆ ಕಂಡಿತು.

ಬೆಂಕಿಯವನು ಉಳಿದ. ಉಳಿದದ್ದಕ್ಕೆ ಕಾರಣ ಆಫೀಸಿನ ಗೋಡೆಯ ಮೇಲಿತ್ತು. ಬಾಯ್ಲರ್ ನಡೆಸುವವನ ಸರ್ಟಿಫಿಕೇಟು ಕೆಲಸದ ಜಾಗದಲ್ಲಿ ಕಾಣುವಂತೆ ತೂಗುಹಾಕಿರಬೇಕು ಎಂಬುದು ನಿಯಮ. ಯಜಮಾನ ಅಸಲು ಕಾಗದಕ್ಕೇ ಗಾಜಿನ ಕಟ್ಟು ಹಾಕಿಸಿ ತನ್ನ ಕುರ್ಚಿಯ ಹಿಂದೆ ಮೊಳೆ ಹೊಡೆದಿದ್ದ. ಅದರಲ್ಲಿ ಬೆಂಕಿಯವನ ಹನ್ನೊಂದು ವರ್ಷ ಹಿಂದಿನ ಫೋಟೋ, ಮೂರು ಸಲ ಪರೀಕ್ಷೆ ಕಟ್ಟಿ ಸಂಪಾದಿಸಿದ ಮೊಹರು. ಅದಿಲ್ಲದೆ ಬೇರೆಲ್ಲಿ ಹೋದರೂ ಅವನು ಬರೀ ಸೌದೆ ಹೊರುವವನು.

ಕೊಡಿ ಎಂದು ಮೂರು ಸಲ ಕೇಳಿದ್ದ. "ನಿನ್ನ ಜಾಗಕ್ಕೆ ಒಬ್ಬನ್ನ ತಂದು ನಿಲ್ಲಿಸು, ಆಗ ಇಳಿಸಿ ಕೊಡ್ತೀನಿ," ಎಂದಿದ್ದ ಯಜಮಾನ. ಬೆಂಕಿಯವನು ಊರೆಲ್ಲ ಸುತ್ತಿ ಇಬ್ಬರನ್ನು ಕರೆತಂದ. ಮೊದಲನೆಯವನು ಹೊಸ್ತಿಲಲ್ಲೇ ನಿಂತು ಒಳಗಿನ ಬೈಗುಳಕ್ಕೆ ಕಿವಿಗೊಟ್ಟು, "ಇವ್ರು ದಿನಾ ಹೀಗೇನಾ?" ಎಂದು ಕೇಳಿ ಹಿಂದಿರುಗಿದ. ಎರಡನೆಯವನು ತರಿಸಿದ ಟೀಯನ್ನೂ ಕುಡಿಯಲಿಲ್ಲ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಅಕ್ಕ ಬಾಯ್ಲರ್ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ತಲೆಗೆ ಬಟ್ಟೆ ಸುತ್ತಿದ್ದಳು. ರೋಲರಿನ ಹಬೆಗೆ ಮುಂಗೈ ಕೆಂಪಗೆ ಬೆಂದಿತ್ತು. ಐದು ವರ್ಷದ ಕೆಳಗೆ ಕೈ ಹಿಡಿದು ಅವನನ್ನು ಈ ಲಾಂಡ್ರಿಗೆ ಸೇರಿಸಿದವಳೇ ಅವಳು.

"ಎಲ್ಲಿ ನಿಂತ್ಕೋಬೇಕು ಹೇಳು," ಎಂದಳು.

"ಏನಕ್ಕೆ?"

"ಗಾಜು ನೋಡೋಕೆ. ಇಬ್ರು ಬೇಕು ಅಂದ್ಯಲ್ಲ."

"ಬೇಡಕ್ಕ. ಇದು ನಿನ್ ಕೆಲ್ಸ ಅಲ್ಲ. ಅವನು ನೋಡಿದ್ರೆ..."

"ನೋಡಿದ್ರೆ ಕಣ್ಣು ಉದುರಿ ಹೋಗುತ್ತೆ. ಚಿಕ್ಕೋನಿದ್ದಾಗ ನಿನ್ ಮೂಗು ಒರೆಸಿದ್ದೀನಿ ಕಣೋ. ಆ ಮುಖಕ್ಕೆ ನಾಳೆ ಇನ್ನೊಂದು ಬೆಡ್‌ಶೀಟು ಬೀಳೋದು ನನ್ನಿಂದ ನೋಡಕ್ಕಾಗಲ್ಲ. ಹೇಳು, ಎಲ್ಲಿ?"

ಅವನು ಅವಳನ್ನು ಗಾಜಿನ ಕೊಳವೆಯ ಮುಂದೆ ನಿಲ್ಲಿಸಿದ. ಒಳಗೆ ನೀರು ಅರ್ಧಕ್ಕೆ ನಿಂತು ನಡುಗುತ್ತಿತ್ತು. "ಈ ಕೆಂಪು ಗೆರೆಗೆ ಒಂದು ಬೆರಳು ಬಾಕಿ ಇರುವಾಗ ಜೋರಾಗಿ ಕೂಗು. ರೆಪ್ಪೆ ಮಿಟುಕಿಸ್ಬೇಡ."

ಹಿಂದೆ ಹೋಗಿ ವಾಲ್ವ್ ತಿರುವಿದ. ಕೊಳವೆ ಗುಡುಗಿತು. ಎರಡು ತಿಂಗಳ ಕೆಸರು ಕಂದು ಬಣ್ಣದಲ್ಲಿ ಭುಸುಗುಟ್ಟುತ್ತಾ ಹೊರಗಿನ ಗುಂಡಿಗೆ ನುಗ್ಗಿತು.

"ನಾಕು ಬೆರಳು!" ಅಕ್ಕ ಕೂಗಿದಳು. "ಮೂರು! ಎರಡು... ಏ, ಸಾಕು ಸಾಕು!"

ಅವನು ವಾಲ್ವ್ ಬಿಗಿದು, ಪಂಪು ಹಾಕಿ ನೀರು ತುಂಬಿಸಿದ. ಇಬ್ಬರೂ ಬೆವರಿ ತೊಪ್ಪೆಯಾಗಿದ್ದರು.

"ಇದರ ಹೊಟ್ಟೇಲಿ ಇಷ್ಟೊಂದು ಹೊಲಸಿತ್ತಾ!" ಅಕ್ಕ ಸೆರಗಿನಿಂದ ಕತ್ತು ಒರೆಸಿಕೊಂಡಳು. "ಇಂಥದ್ದೇ ಒಂದು ವಾಲ್ವ್ ಯಜಮಾನಂಗೂ ಇಡ್ಸು. ಬಾಯಲ್ಲಿ ಬರೋದು ತಪ್ಪುತ್ತೆ."

ಅವನು ನಕ್ಕುಬಿಟ್ಟ. ಎಷ್ಟು ದಿನವಾಗಿತ್ತೋ. ಅಕ್ಕನೂ ಅವನ ಭುಜಕ್ಕೆ ಕೈ ಊರಿ ನಕ್ಕಳು.

"ಓಹೋಹೋ!"

ಬಾಗಿಲಲ್ಲಿ ಯಜಮಾನ. ಹಿಂದೆ ಡ್ರಮ್ಮಿನವರು, ಅವರ ಹಿಂದೆ ಊಟ ಮುಗಿಸಿದ ಹೆಂಗಸರು.

"ಒಳಗೆ ಕತ್ತಲೆ, ಮೇಲಿಂದ ಬಿಸಿ. ಅಕ್ಕ ತಮ್ಮನ ಸಂಸಾರ ಜೋರಾಗಿದೆ. ಗಂಡ ಇಲ್ದೋಳಿಗೆ ಇದಾದ್ರೂ ಇರ್ಲಿ ಬಿಡು."

ಅಕ್ಕನ ಕೈ ತಮ್ಮನ ಭುಜದಿಂದ ಜಾರಿತು. "ಯಜಮಾನ್ರೇ, ನಾಲಿಗೆ ಬಿಗಿ ಹಿಡ್ಕೊಂಡು ಮಾತಾಡಿ."

"ಮುಚ್ಚೆ ಬಾಯಿ, ರಂಡೆ! ನಾಳೆಯಿಂದ ಈ ಗೇಟಲ್ಲಿ ನಿನ್ ಮುಖ ಕಾಣಬಾರ್ದು."

"ಅಕ್ಕ ಇಲ್ಲ ಅಂದ್ರೆ ನಾನೂ ಇರಲ್ಲ," ಎಂದ ಬೆಂಕಿಯವನು.

ಯಜಮಾನ ಹೊಟ್ಟೆ ಕುಲುಕಿಸಿ ನಕ್ಕ. "ನೀನಾ? ನೀನೆಲ್ಲಿಗೋ ಹೋಗ್ತೀಯ? ನಿನ್ನನ್ನ ಮೊಳೆ ಹೊಡೆದು ಗೋಡೆಗೆ ನೇತು ಹಾಕಿದ್ದೀನಲ್ಲೋ!"

ಬೆಂಕಿಯವನು ಅಕ್ಕನ ಕಡೆ ನೋಡಿದ. ಅವಳು ಈಗ ನೆಲ ನೋಡುತ್ತಿರಲಿಲ್ಲ.

ಅವನು ಮೂಲೆಯಿಂದ ಉದ್ದನೆಯ ಕಬ್ಬಿಣದ ಕೊಕ್ಕೆ ತೆಗೆದುಕೊಂಡ. ಯಜಮಾನ ಎರಡು ಹೆಜ್ಜೆ ಹಿಂದೆ ಹಾರಿದ. ಬೆಂಕಿಯವನು ಅತ್ತ ನೋಡಲೂ ಇಲ್ಲ. ಒಲೆಯ ಬಾಗಿಲು ತೆರೆದು ಕೊಕ್ಕೆ ಒಳಗೆ ಹಾಕಿದ. ಉರಿಯುವ ಕೊರಡುಗಳನ್ನು ಒಂದೊಂದಾಗಿ ಕಲ್ಲುಹಾಸಿನ ಮೇಲೆ ಎಳೆದ. ಕೆಂಡವನ್ನು ಗೋರಿ ತೆಗೆದ. ದೂರ ಸರಿಸಿ ನೀರು ಎರಚಿದ. ಕೋಣೆಯೆಲ್ಲ ಬೂದಿ, ಹಬೆ.

"ಏನೋ ಮಾಡ್ತಿದ್ದೀಯ? ಲೋ! ನಾಲ್ಕು ಗಂಟೆಗೆ ಆಸ್ಪತ್ರೆ ಗಾಡಿ ಬರುತ್ತೆ!"

ಬೆಂಕಿಯವನು ಕೆಂಡದ ಮೇಲೆ ಇನ್ನೊಂದು ಬಕೆಟ್ಟು ನೀರು ಸುರಿದ.

"ಏ ಡ್ರಮ್ಮಿನವನೇ, ಹಚ್ಚೋ ಉರಿ!"

"ನಂಗೆ ಬರಲ್ಲ ಸಾರ್. ಸಿಡಿದ್ರೆ?"

ರೋಲರಿಗೆ ಹೋಗುವ ಕೊಳವೆ ತೆರೆದು ಉಳಿದ ಸ್ಟೀಮನ್ನು ಅತ್ತ ಬಿಟ್ಟು, ಬೆಂಕಿಯವನು ಒತ್ತಡ ತೋರಿಸುವ ಮುಳ್ಳಿನ ಎದುರು ಸ್ಟೂಲು ಎಳೆದು ಕೂತ. ಮುಳ್ಳು ಸೊನ್ನೆಗೆ ಇಳಿಯುವ ತನಕ ಅವನು ಏಳುವಂತಿರಲಿಲ್ಲ. ಒಂದೂವರೆ ಗಂಟೆ ಹಿಡಿಯಿತು. ಆ ಒಂದೂವರೆ ಗಂಟೆಯೂ ಯಜಮಾನ ಅವನ ತಲೆಯ ಮೇಲೆ ನಿಂತಿದ್ದ. ತಾಯಿಯನ್ನು ಬೈದ, ಜಾತಿಯನ್ನು ಬೈದ, ಪೊಲೀಸ್ ಅಂದ. ನಡುವೆ ದನಿ ಇಳಿಸಿ, "ಆಯ್ತು ಬಿಡೋ, ನಿಮ್ಮಕ್ಕ ಬರ್ಲಿ," ಅಂದ. ಮತ್ತೆ ಬೈದ. ಇಷ್ಟು ದಿನ ಅವನನ್ನು ಕಟ್ಟಿಹಾಕಿದ್ದ ಬಾಯ್ಲರು ಎದುರಿಗೇ ತಣ್ಣಗಾಗುತ್ತಿತ್ತು. ಬೆಂಕಿಯವನು ಮುಳ್ಳು ನೋಡುತ್ತಲೇ ಇದ್ದ. ಅತ್ತ ರೋಲರುಗಳು ಒಂದರ ಹಿಂದೆ ಒಂದು ನಿಂತವು. ಲಾಂಡ್ರಿಯಲ್ಲಿ ತೊಟ್ಟಿಕ್ಕುವ ನೀರಿನ ಸದ್ದು ಕೇಳಿಸತೊಡಗಿತು.

ಮುಳ್ಳು ಸೊನ್ನೆ ಮುಟ್ಟಿತು.

ಅವನು ಎದ್ದ. ಗಾಜಿನಲ್ಲಿ ನೀರಿದೆಯೇ ಎಂದು ನೋಡಿದ. ವಾಲ್ವ್‌ಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಕೊಕ್ಕೆಯನ್ನು ಅದರ ಜಾಗಕ್ಕೆ ಒರಗಿಸಿ, ಕೈ ತೊಳೆದ.

ಅಂಗಳಕ್ಕೆ ಬರುವಷ್ಟರಲ್ಲಿ ಯಜಮಾನ ಆಫೀಸಿನಿಂದ ಓಡಿ ಬಂದು ಅಡ್ಡ ನಿಂತ. ಕೈಯಲ್ಲಿ ಸರ್ಟಿಫಿಕೇಟಿನ ಆ ಕಟ್ಟು. ಗೋಡೆಯ ಮೊಳೆಯೂ ಅದರ ದಾರಕ್ಕೆ ಸಿಕ್ಕಿಕೊಂಡು ಬಂದಿತ್ತು.

"ಇದನ್ನ ಬಿಟ್ಟು ಹೋಗ್ತೀಯಾ? ಹರಿದು ನಿನ್ ಒಲೆಗೇ ಹಾಕ್ತೀನಿ, ನೋಡು!"

ಗಾಜಿನ ಹಿಂದಿನ ಫೋಟೋದಲ್ಲಿ ಹನ್ನೊಂದು ವರ್ಷ ಹಿಂದಿನವನು, ತಲೆ ಬಾಚಿಕೊಂಡು, ಕಾಲರಿನ ಗುಂಡಿ ಹಾಕಿಕೊಂಡು, ನೆಟ್ಟಗೆ ನೋಡುತ್ತಿದ್ದ. ಬೆಂಕಿಯವನು ಅವನನ್ನು ಒಂದು ಗಳಿಗೆ ನೋಡಿದ. ಕೈ ಚಾಚಲಿಲ್ಲ. ಪಕ್ಕಕ್ಕೆ ಸರಿದು ನಡೆದ.

ಗೇಟಿನ ಬಳಿ ಅಕ್ಕ ಇಬ್ಬರ ಊಟದ ಡಬ್ಬಿಗಳನ್ನೂ ಹಿಡಿದು ನಿಂತಿದ್ದಳು. ಅವಳ ಹಿಂದೆ ರೋಲರಿನ ಇನ್ನೂ ನಾಲ್ವರು ಹೆಂಗಸರು ತಲೆಗೆ ಸುತ್ತಿದ ಬಟ್ಟೆ ಬಿಚ್ಚುತ್ತಿದ್ದರು.

"ಯಾಕ್ರೋ?" ಹಿಂದಿನಿಂದ ಯಜಮಾನನ ದನಿ ಬಂತು. ಅದರಲ್ಲಿ ಈಗ ಬೈಗುಳವಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದ. "ಯಾಕ್ರೋ ಹೀಗೆ ಎಲ್ರೂ ಬಿಟ್ಟು ಹೋಗ್ತೀರಾ? ನಿಮಗೆಲ್ಲ ನಾನೇನ್ರೋ ಮಾಡ್ದೆ?"

ಬೆಂಕಿಯವನು ತಿರುಗಲಿಲ್ಲ. ಅಕ್ಕನ ಕೈಯಿಂದ ತನ್ನ ಡಬ್ಬಿ ತೆಗೆದುಕೊಂಡು ಗೇಟು ದಾಟಿದ.