ಕ್ಯಾಲೆಂಡರಿನ ಹಿಂದಿನ ಕಿಂಡಿ

ಹೊಸ ದೇಶಕ್ಕೆ ಬಂದವರಿಗೆ ಕೆಲಸ ಸಿಕ್ಕೀತು, ಮಕ್ಕಳಿಗೆ ಸ್ಕೂಲೂ ಸಿಕ್ಕೀತು. ಬಾಡಿಗೆ ಮನೆ ಮಾತ್ರ ಸುಲಭಕ್ಕೆ ಸಿಗುವುದಿಲ್ಲ. ಈ ಗಂಡ ಹೆಂಡತಿಗೂ ಹಾಗೇ ಆಯಿತು. ಮೆಸೇಜಿನಲ್ಲಿ “ಖಾಲಿ ಇದೆ, ಬನ್ನಿ” ಎಂದವರು, ಬಾಗಿಲು ತೆರೆದು ಇವರ ಮುಖ ನೋಡಿದ ಮೇಲೆ “ಅಯ್ಯೋ, ಈಗ ತಾನೇ ಬೇರೆಯವರಿಗೆ ಕೊಟ್ಟುಬಿಟ್ವಿ” ಎನ್ನುತ್ತಿದ್ದರು. ಒಬ್ಬಾತ ಹೊಸ್ತಿಲಿನಲ್ಲೇ ನಿಲ್ಲಿಸಿ, “ನೀವು ದಿನಾ ಮನೇಲೇ ಅಡುಗೆ ಮಾಡ್ತೀರಾ?” ಎಂದು ಕೇಳಿದ. ಹೌದು ಎಂದದ್ದೇ ತಪ್ಪಾಯಿತು. ಆತ ಮೂಗು ಮುರಿದು ಬಾಗಿಲು ಹಾಕಿಕೊಂಡ. ಮಗಳು ಪುಟ್ಟಿ ಕೈ ಹಿಡಿದು ಪಕ್ಕದಲ್ಲೇ ನಿಂತಿದ್ದಳು.

ಕೊನೆಗೆ ಒಬ್ಬ ವಯಸ್ಸಾದ ಹೆಂಗಸು ಏನೂ ಕೇಳದೆ ಕೀಲಿಕೈ ಕೊಟ್ಟಳು. ಮೂರನೇ ಮಹಡಿಯ ಒಂದು ಅಪಾರ್ಟ್‌ಮೆಂಟು. ಎರಡು ಕೋಣೆ, ಒಂದು ಅಡುಗೆಮನೆ. ಅಡುಗೆಮನೆಗೂ ಬಚ್ಚಲಿಗೂ ನಡುವೆ ಇದ್ದದ್ದು ಸೂರು ಮುಟ್ಟದ ಅಡ್ಡಗೋಡೆ. ಎರಡಕ್ಕೂ ಸೇರಿ ಹೊರಗೋಡೆಯಲ್ಲಿ ಒಂದೇ ಗಾಳಿಕಿಂಡಿ. ಬಚ್ಚಲಿನಲ್ಲಿ ಗ್ಯಾಸ್ ಗೀಸರ್. ಅದರ ಮೈಮೇಲೆ ಬಣ್ಣಗೆಟ್ಟ ಒಂದು ಎಚ್ಚರಿಕೆಯ ಚೀಟಿ. ಆ ಚೀಟಿಯನ್ನು ಹೆಂಡತಿ ಓದಲಿಲ್ಲ. ಪದವಿ ಓದಿದವಳು, ಔಷಧಿ ಗೋದಾಮಿನಲ್ಲಿ ದಿನವಿಡೀ ಡಬ್ಬಿಗಳಿಗೆ ಎಚ್ಚರಿಕೆಯ ಚೀಟಿ ಅಂಟಿಸುವ ಕೆಲಸ ಮಾಡುವವಳು. ಆದರೂ ಓದಲಿಲ್ಲ. ಹೊಸ ಭಾಷೆ ಇನ್ನೂ ಅಕ್ಷರ ಕೂಡಿಸಿ ಓದುವಷ್ಟೇ ಬರುತ್ತಿತ್ತು. ನಾಳೆ ಓದಿದರಾಯಿತು ಎಂದುಕೊಂಡಳು.

ಮನೆ ಹೊಕ್ಕ ವಾರದಲ್ಲೇ ಒಂದು ಸಂಜೆ ಎದುರುಮನೆಯಾಕೆ ಮೆಟ್ಟಿಲಲ್ಲಿ ಸಿಕ್ಕಳು. ಇವಳು ನಕ್ಕಳು. ಆಕೆ ಕತ್ತಿಗೆ ಸುತ್ತಿದ್ದ ಬಟ್ಟೆಯನ್ನು ಮೂಗಿಗೆ ಒತ್ತಿಕೊಂಡು ಸರಸರನೆ ಇಳಿದು ಹೋದಳು.

ಅಷ್ಟೇ. ಒಂದು ಮಾತಿಲ್ಲ, ಬೈಗುಳವಿಲ್ಲ. ಆದರೆ ಇವಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಒಳಗೆ ಬಂದವಳೇ ತನ್ನ ಕೂದಲು ಮೂಸಿ ನೋಡಿಕೊಂಡಳು, ಮಗಳ ಸ್ಕೂಲಿನ ಅಂಗಿ ಮೂಸಿ ನೋಡಿದಳು. ಗಾಳಿಕಿಂಡಿ ಎದುರುಮನೆಯ ಕಿಟಕಿಯತ್ತಲೇ ಬಾಯಿ ತೆರೆದಿತ್ತು. ಗಂಡ ಬರುವುದರೊಳಗೆ ಹಳೇ ದುಪ್ಪಟಿ ಹರಿದು ಕಿಂಡಿಗೆ ತುರುಕಿದಳು, ಮೇಲೆ ಅಗಲವಾದ ಅಂಟುಪಟ್ಟಿ ಹಾಕಿದಳು. ಅದು ಕಾಣಬಾರದೆಂದು ಅದರ ಮುಂದೆ ಕ್ಯಾಲೆಂಡರ್ ತೂಗುಹಾಕಿದಳು. ಕಿಟಕಿಯನ್ನೂ ತೆರೆಯುವುದು ಬಿಟ್ಟಳು.

ಗಂಡನಿಗೆ ಹೇಳಲಿಲ್ಲ. ಏನೆಂದು ಹೇಳುವುದು? ನಮ್ಮ ಊಟ ನಮಗೇ ನಾಚಿಕೆ ತರಿಸಿತು ಎಂದೇ?

ಚಳಿಗಾಲ ಬಂತು. ಮನೆಯಲ್ಲಿ ಎಲ್ಲರಿಗೂ ತಲೆನೋವು ಶುರುವಾಯಿತು. ಪುಟ್ಟಿ ಸ್ನಾನ ಮಾಡಿ ಬಂದರೆ ಹೊಟ್ಟೆ ತೊಳಸುತ್ತದೆ ಎಂದು ಮಂಚಕ್ಕೆ ಒರಗುತ್ತಿದ್ದಳು. ಗೀಸರಿನ ಉರಿ ನೀಲಿ ಹೋಗಿ ಹಳದಿಯಾಗಿತ್ತು.

“ಮನೆಯಜ್ಜಿಗೆ ಒಂದು ಮಾತು ಹೇಳೋಣವಾ? ಗೀಸರ್ ಯಾಕೋ ಸರಿ ಇಲ್ಲ ಅನ್ನಿಸ್ತಿದೆ” ಎಂದಳು ಒಮ್ಮೆ.

ಗಂಡ ಸೋಫಾ ಹೊಲಿಯುವ ಕಾರ್ಖಾನೆಯಿಂದ ಬಂದು ಬೆರಳಿಗೆ ಎಣ್ಣೆ ಸವರಿಕೊಳ್ಳುತ್ತಿದ್ದ. “ಸುಮ್ನಿರೇ ಮಾರಾಯ್ತಿ! ಕಾಲು ಸವೆಸಿ ಹುಡುಕಿದ ಮನೆ ಇದು. ಬಂದು ನಾಲ್ಕು ದಿನ ಆಗಿಲ್ಲ, ಆಗಲೇ ತಕರಾರು ಅಂತ ಎತ್ತಿ ಹೊರಗೆ ಹಾಕಿದ್ರೆ? ಚಳಿಗೆ ತಲೆನೋವು ಬರುತ್ತಪ್ಪ. ನಮಗೆ ಹೊಂದಿಕೊಳ್ಳೋದಕ್ಕೆ ಟೈಮ್ ಬೇಕು.”

ಅವಳಿಗೂ ಅದೇ ಬೇಕಿತ್ತು. ಅಜ್ಜಿ ನೋಡಲು ಬಂದರೆ ಕ್ಯಾಲೆಂಡರ್ ಎತ್ತುತ್ತಾಳೆ.

ಒಂದು ಭಾನುವಾರ ಬೆಳಿಗ್ಗೆ ನರ್ಸಕ್ಕ ಬಂದಳು. ಇವರ ಭಾಷೆಯವಳೇ, ಆ ಊರಿನ ಆಸ್ಪತ್ರೆಯಲ್ಲಿ ಬಹಳ ವರ್ಷಗಳಿಂದ ಕೆಲಸದಲ್ಲಿದ್ದಳು. ಬಸ್ಸಿನಲ್ಲಿ ಪರಿಚಯವಾಗಿ ಅಕ್ಕನಂತಾಗಿದ್ದಳು. ಪುಟ್ಟಿ ಅವಳ ಕುತ್ತಿಗೆಗೆ ಜೋತುಬಿದ್ದು, ಸ್ನಾನ ಮಾಡಿ ಹೊಸ ಫ್ರಾಕ್ ಹಾಕಿಕೊಂಡು ಬರುತ್ತೇನೆಂದು ಬಚ್ಚಲಿಗೆ ಓಡಿದಳು. ಗೀಸರ್ ಭುಸ್ಸೆಂದು ಹೊತ್ತಿಕೊಂಡಿತು. ಅಡ್ಡಗೋಡೆಯಾಚೆ ಚೊಂಬಿನಿಂದ ನೀರು ಸುರಿದುಕೊಳ್ಳುವ ಸದ್ದು, ನಡುನಡುವೆ ಹಾಡು.

ನರ್ಸಕ್ಕ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಕಾಫಿ ಹೀರಿದಳು. ಸ್ವಲ್ಪ ಹೊತ್ತಿಗೆ ಹಣೆ ಉಜ್ಜಿಕೊಂಡಳು.

“ಏನ್ರೋ ಇದು, ಬಿಸಿಲುಮಚ್ಚಲ್ಲಿ ಉಪ್ಪಿನಕಾಯಿ ಭರಣಿ ಮುಚ್ಚಿಟ್ಟ ಹಾಗೆ ಕೂತಿದ್ದೀರಿ! ನನಗೂ ತಲೆ ಹಿಡೀತಿದೆ.”

“ನಮಗೆ ಇದು ಮಾಮೂಲಿ ಅಕ್ಕ” ಎಂದು ಗಂಡ ನಕ್ಕ. “ಈ ಊರಿನ ಹವಾ ನಮಗೆ ಒಗ್ಗಿಲ್ಲ.”

“ಊರಿನ ಹವಾನಾ, ಮನೆ ಹವಾನಾ? ಫ್ಯಾಕ್ಟರೀಲಿ ತಲೆ ನೋಯುತ್ತಾ?”

“ಇಲ್ಲ.”

“ಪುಟ್ಟಿಗೆ ಸ್ಕೂಲಲ್ಲಿ?”

“ಅಲ್ಲಿ ಕುಣೀತಿರ್ತಾಳಂತೆ. ಮನೆಗೆ ಬಂದ್ರೆ ಸುಸ್ತು ಅಂತಾಳೆ.”

ನರ್ಸಕ್ಕ ಲೋಟ ಕೆಳಗಿಟ್ಟಳು. ಗೋಡೆಗಳನ್ನು ನೋಡಿದಳು. “ಗಾಳಿಕಿಂಡಿ ಎಲ್ಲಿದೆ?”

“ಈ ಮನೆಗೆ ಇಲ್ಲ ಅನ್ಸುತ್ತೆ” ಎಂದ ಗಂಡ. “ಅಲ್ವೇನೇ?”

ಇಬ್ಬರೂ ಅವಳತ್ತ ತಿರುಗಿದರು. ಹೇಳಿಬಿಡಬೇಕಿತ್ತು. ಒಂದೇ ಒಂದು ಮಾತು. ನರ್ಸಕ್ಕ ಏನೆಂದುಕೊಂಡಾಳು? ಓದಿದವಳು, ತನ್ನ ಅಡುಗೆಯ ವಾಸನೆಗೆ ನಾಚಿ ಗೋಡೆಗೆ ಬಟ್ಟೆ ತುರುಕಿದವಳು! ಅವಳು ತಲೆ ತಗ್ಗಿಸಿ ಲೋಟಗಳನ್ನು ಎತ್ತಿಕೊಂಡಳು, ಸಿಂಕಿಗೆ ಹಾಕಿದಳು, ನಲ್ಲಿಗೆ ಕೈ ಚಾಚಿದಳು.

ಆಗಲೇ ಗಮನಕ್ಕೆ ಬಂತು. ಬಚ್ಚಲಿನಲ್ಲಿ ಹಾಡು ನಿಂತಿತ್ತು. ಚೊಂಬಿನ ಸದ್ದೂ ಇರಲಿಲ್ಲ. ನಲ್ಲಿ ಸುರಿಯುತ್ತಲೇ ಇತ್ತು, ಗೀಸರ್ ಭುಸುಗುಡುತ್ತಲೇ ಇತ್ತು.

“ಪುಟ್ಟೀ?”

ಅವಳು ಬಚ್ಚಲಿನ ಬಾಗಿಲು ಬಡಿದಳು.

ಗಂಡ ಭುಜ ಕೊಟ್ಟು ಬಾಗಿಲು ದೂಡಿದ. ಮಗು ನೆಲದ ಮೇಲೆ ಬಿದ್ದಿತ್ತು, ಚೊಂಬು ಕೈಪಕ್ಕದಲ್ಲಿ. ನರ್ಸಕ್ಕ ಕೂಗಿದಳು: “ಗೀಸರ್ ಆರಿಸು! ಮಗೂನ ಹೊರಗೆ ತಗೊಂಡು ನಡಿ! ನೀನೂ ಬಾ, ಏನೂ ಎತ್ಕೋಬೇಡ, ಮೊದಲು ಎಲ್ಲರೂ ಹೊರಗೆ!” ಮಗುವಿಗೆ ಹಾಸಿಗೆಯ ರಗ್ಗು ಸುತ್ತಿಕೊಂಡು ಮೆಟ್ಟಿಲಿಳಿದು ಬೀದಿಗೆ ಬಂದರು. ನರ್ಸಕ್ಕ ತುರ್ತು ನಂಬರಿಗೆ ಫೋನ್ ಮಾಡಿದಳು. ತಣ್ಣನೆ ಗಾಳಿ ಮುಖಕ್ಕೆ ತಾಗಿದ ಮೇಲೆ ಪುಟ್ಟಿ ಕಣ್ಣು ಬಿಟ್ಟಳು, ವಾಂತಿ ಮಾಡಿಕೊಂಡಳು, “ಅಮ್ಮಾ, ಚಳಿ” ಎಂದಳು.

ಆಸ್ಪತ್ರೆಯಲ್ಲಿ ಮಗುವಿನ ಮುಖಕ್ಕೆ ಆಮ್ಲಜನಕದ ಮುಖವಾಡ ಹಾಕಿದರು. ಹೊರಗಿನ ಬೆಂಚಿನಲ್ಲಿ ನರ್ಸಕ್ಕ ಗಂಡನಿಗೆ ಹೇಳುತ್ತಿದ್ದಳು: “ಗಾಳಿ ಸಾಲದೆ ಗ್ಯಾಸ್ ಉರಿದ್ರೆ ವಿಷದ ಗಾಳಿ ಹುಟ್ಟುತ್ತಪ್ಪ. ಕಣ್ಣಿಗೆ ಕಾಣಲ್ಲ, ಮೂಗಿಗೆ ಬಡಿಯಲ್ಲ. ಮನೇಲಿದ್ದಾಗ ತಲೆನೋವು, ಹೊರಗೆ ಹೋದ್ರೆ ಆರಾಮ, ಉರಿ ಹಳದಿ. ಇವೇ ಅದರ ಗುರುತು.”

“ಅಜ್ಜಿಗೆ ಹೇಳೋಣ ಅಂದಿದ್ಲು. ನಾನೇ ಬಾಯಿ ಮುಚ್ಚಿಸಿದೆ” ಎಂದ ಗಂಡ.

“ಕಿಂಡಿ ಇದೆ” ಎಂದಳು ಅವಳು. “ಕ್ಯಾಲೆಂಡರಿನ ಹಿಂದೆ. ನಾನೇ ಮುಚ್ಚಿದ್ದು. ನೀವು ಕೇಳಿದಾಗಲೂ ಹೇಳಲಿಲ್ಲ.”

ಇಬ್ಬರೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಗ್ಯಾಸಿನವರು ಬಂದು ನೋಡುವಾಗ ಮಹಡಿಯವರೆಲ್ಲ ಬಾಗಿಲಲ್ಲಿ ಸೇರಿದ್ದರು. ಕಿಂಡಿಯಿಂದ ದುಪ್ಪಟಿಯ ತುಂಡುಗಳು ಒಂದೊಂದಾಗಿ ಹೊರಬಂದವು, ಮಸಿ ಹಿಡಿದು, ಜಿಡ್ಡು ಹಿಡಿದು. ಅವಳು ನೆಲ ನೋಡುತ್ತ ನಿಂತಳು. ಮನೆಯಜ್ಜಿ ಗೀಸರನ್ನು ಮುಟ್ಟಿ ಕೈ ಹಿಂದೆಳೆದುಕೊಂಡಳು. “ನನ್ನ ಗಂಡ ಹೋದ ಮೇಲೆ ಇದನ್ನ ಯಾರಿಗೂ ತೋರಿಸಿಯೇ ಇಲ್ಲ. ತೋರಿಸಬೇಕಾದವಳು ನಾನು. ನೀನಾದ್ರೂ ಒಂದು ಮಾತು ಹೇಳಬಾರದಿತ್ತಾ ಮಗಳೇ?”

“ಮನೆ ಬಿಡಿಸ್ತೀರಿ ಅಂತ ಹೆದರಿದ್ವಿ.”

ಎದುರುಮನೆಯಾಕೆ ಆ ತುಂಡುಗಳನ್ನೇ ನೋಡುತ್ತಿದ್ದಳು. ಅವಳಿಗೆ ಎಲ್ಲ ಅರ್ಥವಾದಂತಿತ್ತು. “ನಾನು ಮೂಗು ಮುಚ್ಕೊಂಡದ್ದು ನಿಜ” ಎಂದಳು, ಇವಳಿಗೆ ತಿಳಿಯಲೆಂದು ನಿಧಾನವಾಗಿ. “ನಿಮ್ಮ ವಾಸನೆ ನನಗೆ ಹೊಸದು. ಅದಕ್ಕೆ ನೀನು ಉಸಿರು ಕಟ್ಟಿಕೋಬೇಕಾ?”

ಹೊಸ ಗೀಸರ್ ಬಂತು. ವಿಷದ ಗಾಳಿ ಸೇರಿದರೆ ಕೂಗುವ ಅಲಾರಾಂ ಬಂತು. ಪುಟ್ಟಿ ಮನೆಗೆ ಬಂದ ದಿನ ಬಚ್ಚಲಿನ ಬಾಗಿಲಲ್ಲಿ ನಿಂತು ಕೇಳಿದಳು: “ಅಮ್ಮಾ, ಬಟ್ಟೆ ಯಾಕೆ ತುರುಕಿದ್ದೆ?”

“ನಾಚಿಕೆಯಾಗಿತ್ತು ಕಂದಾ.”

“ಈಗ?”

“ಈಗಲೂ ಆಗ್ತಿದೆ. ಬೇರೆ ಕಾರಣಕ್ಕೆ” ಎಂದು ಅವಳು ಕಿಂಡಿಯ ಮೇಲೆ ಕ್ಯಾಲೆಂಡರ್ ತೂಗುಹಾಕಿದ್ದ ಮೊಳೆಯನ್ನು ಕಿತ್ತು ಹಾಕಿದಳು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಹೊಸ ನೆಲದಲ್ಲಿ ಬಾಡಿಗೆ ಮನೆ ಹಿಡಿಯುವ ಮುನ್ನ ಗಾಳಿಕಿಂಡಿ ಎಲ್ಲಿದೆ ಎಂದು ಕೇಳಿ. ಗೀಸರನ್ನು ಯಾವಾಗ ಪರೀಕ್ಷೆ ಮಾಡಿಸಿದ್ದೀರಿ ಎಂದು ಕೇಳಿ. ಎಚ್ಚರಿಕೆಯ ಚೀಟಿ ಓದಲು ಬಾರದಿದ್ದರೆ ಓದಿಸಿಕೊಳ್ಳಿ. ಚಳಿಯಿರಲಿ, ಸಂಕೋಚವಿರಲಿ, ಕಿಂಡಿ ಮುಚ್ಚಬೇಡಿ. ಮನೆಮಂದಿಗೆಲ್ಲ ಒಟ್ಟಿಗೆ ತಲೆ ನೋಯುತ್ತಿದ್ದರೆ ಮೊದಲು ಹೊರಗೆ ಬನ್ನಿ, ತುರ್ತು ನಂಬರಿಗೆ ಫೋನ್ ಮಾಡಿ. ಗ್ಯಾಸಿನವರು ನೋಡುವ ತನಕ ಒಳಗೆ ಹೋಗಬೇಡಿ. ಹೋದ ಮಾನವನ್ನು ಮತ್ತೆ ಗಳಿಸಬಹುದು. ನಿಮ್ಮ ಬಚ್ಚಲಿನಲ್ಲಿ ಹಾಡುವ ಮಗುವಿನ ಹಾಡು ನಿಲ್ಲದಿರಲಿ. ಇವತ್ತೇ ಎದ್ದು ನಿಮ್ಮ ಗೋಡೆ ನೋಡಿ ಬನ್ನಿ.