ಗುರುವಪ್ಪನ ಪರ್ಮಿಟ್

"ಬೇವರ್ಸಿ, ವಯಸ್ಸು ಕೇಳ್ಲಿಕ್ಕೆ ನೀನೆಂಥ ಅವನ ಅಪ್ಪನಾ?"

ಗಲ್ಲಾದಲ್ಲಿ ಕೂತೇ ಧಣಿ ವಸಂತಕುಮಾರ ಬೈದದ್ದು ಇಡೀ ಬಾರಿಗೆ ಕೇಳಿಸಿತು. ನೆರೂಳಿನ ಈ ಬಾರಿನಲ್ಲಿ ಹದಿನೆಂಟು ವರ್ಷ ವೇಟರಾಗಿ ಸವೆದ ಗುರುವಪ್ಪನಿಗೆ ಬೈಗುಳ ಹೊಸತೇನಲ್ಲ. ಆದರೆ ಆರನೇ ಟೇಬಲ್ಲಿನಲ್ಲಿ ಕೂತ ಹುಡುಗ ಹಿತೇಶ್ ಹಲ್ಲು ಕಿರಿಯುತ್ತಿದ್ದುದು ಮೈ ಉರಿಸಿತು.

"ಅವ ಹತ್ತನೇ ಕ್ಲಾಸು ಧಣಿ. ಬೆಳಿಗ್ಗೆ ಯೂನಿಫಾರಂ ಹಾಕ್ಕೊಂಡು ಹೋಗುದು ನಾನೇ ನೋಡ್ತೇನೆ."

"ಅವನಪ್ಪನ ಜಾಗದಲ್ಲಿ ನಮ್ಮ ಬಾರ್ ಉಂಟು, ಅದು ಗೊತ್ತುಂಟಾ? ಪರ್ಮಿಟ್ ಬರಿ, ವಿಸ್ಕಿ ಕೊಡು. ಬಾಯಿ ಮುಚ್ಚು."

ಮಹಾರಾಷ್ಟ್ರದಲ್ಲಿ ಕುಡಿಯುವವನ ಹೆಸರಿಗೆ ಪರ್ಮಿಟ್ ಬೇಕು. ವಿಸ್ಕಿಗಾದರೆ ವಯಸ್ಸು ಇಪ್ಪತ್ತೈದು ತುಂಬಿರಬೇಕು. ತುಂಬದವರು ಬಂದರೆ ಧಣಿಯ ಬಳಿ ಉಪಾಯವಿತ್ತು: ಪರ್ಮಿಟ್ಟಿನಲ್ಲಿ ಗುರುವಪ್ಪನ ಹೆಸರು, ವಯಸ್ಸು ನಲವತ್ತೇಳು. ಹುಟ್ಟಿದಾರಭ್ಯ ಒಂದು ಹನಿ ಮುಟ್ಟದವನು ಸರ್ಕಾರದ ಕಾಗದದಲ್ಲಿ ಮಹಾ ಕುಡುಕ. ಉಳಿದ ವೇಟರುಗಳು ನಗುತ್ತಿದ್ದರು, ಅವನೂ ನಗುತ್ತಿದ್ದ.

ಅದೆಲ್ಲ ಹೋದ ತಿಂಗಳವರೆಗೆ. ಹದಿನೇಳರ ವಿಶಾಲ್ ಇಲ್ಲೇ ಮೂರು ಪೆಗ್ ಹಾಕಿ ಎದ್ದುಹೋದವನು ಪಾಮ್ ಬೀಚ್ ರಸ್ತೆಯಲ್ಲಿ ಬೈಕನ್ನು ಡಿವೈಡರಿಗೆ ಬಡಿದು ಸತ್ತ. ಪೊಲೀಸರು ಬಂದು ಪರ್ಮಿಟ್ ಪುಸ್ತಕ ತಿರುವಿದರೆ ಅವನ ಹೆಸರೇ ಇರಲಿಲ್ಲ. ಆ ಮೂರು ಪೆಗ್ ಗುರುವಪ್ಪನೇ ಕುಡಿದದ್ದೆಂದು ಧಣಿ ಬೆರಳು ತೋರಿಸಿದ. ಗುರುವಪ್ಪ ಹೌದೆಂದು ತಲೆಯಾಡಿಸಿದ. ಡ್ಯೂಟಿಯಲ್ಲಿ ಕುಡೀತೀಯಾ ಎಂದು ಹವಾಲ್ದಾರ ಕೆನ್ನೆಗೆ ಬಾರಿಸಿದ. ವಿಶಾಲನ ತಾಯಿ ಚಂಪಾ ಬಾಗಿಲಲ್ಲೇ ನಿಂತು ಎಲ್ಲ ನೋಡಿದಳು. ಬಿದ್ದ ಏಟು ಎಂದೋ ಮರೆತಿತ್ತು. ತಲೆಯಾಡಿಸಿದ್ದಕ್ಕೆ ಮಾತ್ರ ಅವನಿಗೆ ತನ್ನ ಮೇಲೆ ಇನ್ನೂ ಹೇಸಿಗೆಯಿತ್ತು.

"ಎ ಅಣ್ಣಾ, ಜಲ್ದೀ ಲಾ ನಾ." ಬೇಗ ತಾ ಎಂದು ಹಿತೇಶ್ ಬೈಕಿನ ಕೀಲಿಯಿಂದ ಮೇಜು ಕುಟ್ಟಿದ.

ಗುರುವಪ್ಪ ಪರ್ಮಿಟ್ ಬರೆದ. ತನ್ನ ಹೆಸರು, ತನ್ನ ವಯಸ್ಸು, ಒಂದಕ್ಷರ ತಪ್ಪಿಲ್ಲದೆ. ವಿಸ್ಕಿ ತುಂಬಿದ ಗ್ಲಾಸು ಹಿಡಿದು ಆರನೇ ಟೇಬಲ್ಲಿಗೆ ಹೋದ. ಹಿತೇಶನ ಎದುರಿನ ಕುರ್ಚಿ ಎಳೆದು ಕೂತುಬಿಟ್ಟ.

ಊರಲ್ಲಿ ಗುರುವಪ್ಪನ ಅಪ್ಪ ಧಣಿಯ ಅಪ್ಪನ ಒಕ್ಕಲು. ಆ ಮನೆಯವರೆದುರು ಇವರ ಪೈಕಿ ಯಾರೂ ಇವತ್ತಿನವರೆಗೆ ಕುರ್ಚಿಯಲ್ಲಿ ಕೂತದ್ದಿಲ್ಲ.

"ಏಳಾ ನಾಯಿ. ಗಿರಾಕಿ ಕುರ್ಚಿಯಲ್ಲಿ ಕೂತ್ಕೊಳ್ಳುವಷ್ಟು ಸೊಕ್ಕು ಬಂತಾ ನಿಂಗೆ?"

"ಪರ್ಮಿಟ್ ನನ್ನ ಹೆಸರಲ್ಲಿ ಉಂಟಲ್ಲ ಧಣಿ. ಗಿರಾಕಿ ನಾನೇ."

ಹಿತೇಶ್ ಗ್ಲಾಸಿಗೆ ಕೈ ಹಾಕಿದ. ಗುರುವಪ್ಪ ಅದನ್ನು ಕಸಿದು ಒಂದೇ ಗುಟುಕಿಗೆ ಎತ್ತಿದ. ಗಂಟಲು ಸುಟ್ಟಿತು, ಕಣ್ಣಲ್ಲಿ ನೀರು ಬಂತು. ಧಣಿ ಬೆಲ್ಟು ಬಿಚ್ಚುತ್ತ ಗಲ್ಲಾದಿಂದ ಇಳಿದು ಬರುತ್ತಿದ್ದ.

ಗುರುವಪ್ಪ ಏಳಲಿಲ್ಲ. ಖಾಲಿ ಗ್ಲಾಸನ್ನು ಧಣಿಯತ್ತ ಚಾಚಿದ.

"ಇನ್ನೊಂದು ತಾ."