ಬಾಯಿ ತೆರೆದರೆ ನಡೆಯುವ ಕಾಲು

“ಕಾರಿಡಾರಿನಲ್ಲಿ ಕುದುರೆ ಥರ ಹೋಗೋ ಕಾಲು, ಈ ಕೋಣೆಗೆ ಬಂದ ಕೂಡಲೇ ಕಂಬ ಆಗೋದ್ಯಾಕೆ?”

ಖಾಲಿ ಕುರ್ಚಿಯನ್ನೇ ನೋಡುತ್ತಾ ಫಿಸಿಯೋಥೆರಪಿಸ್ಟ್ ಗಟ್ಟಿಯಾಗಿ ಕೇಳಿದಳು.

ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದ್ದ ಅಜ್ಜಿಗೆ ಇಂದು ಕೊನೆಯ ಪರೀಕ್ಷೆ. ಕುರ್ಚಿಯಿಂದ ಎದ್ದು, ನೆಲದ ಹಳದಿ ಪಟ್ಟಿಯ ತನಕ ವಾಕರ್ ಹಿಡಿದು ನಡೆದು, ನಿಗದಿತ ಹೊತ್ತಿನೊಳಗೆ ತಿರುಗಿ ಬಂದು ಕೂರಬೇಕು. ಗಡಿಯಾರ ಒಪ್ಪಿದರೆ ಮನೆ. ಇಲ್ಲವಾದರೆ ಊರಾಚೆಯ ಆರೈಕೆ ಕೇಂದ್ರ. ಬಟ್ಟೆಯ ಚೀಲ ಹಿಡಿದು ಮಗಳು ಬಾಗಿಲಲ್ಲೇ ನಿಂತಿದ್ದಳು, ಯಾವ ದಾರಿ ಎಂದು ತಿಳಿಯದೆ.

ದಿನವೂ ಮುಚ್ಚಿರುತ್ತಿದ್ದ ಗಾಜಿನ ಬಾಗಿಲು ಮಗಳು ಅಲ್ಲಿ ನಿಂತಿದ್ದರಿಂದ ಇಂದು ತೆರೆದಿತ್ತು. ಹೊರಗಿನಿಂದ ಪದ್ಯ ತೇಲಿ ಬಂತು. ಅಜ್ಜಿ ಬಚ್ಚಲಿಂದ ಬರುತ್ತಿದ್ದರು, ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದ ದೇವರ ಪದ್ಯ ಹೇಳಿಕೊಳ್ಳುತ್ತಾ. ಥೆರಪಿಸ್ಟಳ ಕಿವಿ ನಿಮಿರಿತು. ಸಾಲಿಗೊಂದು ಉಸಿರು, ತಾಳಕ್ಕೊಂದು ಹೆಜ್ಜೆ, ಸಾಲು ಮುಗಿಯುವಲ್ಲಿ ಸರಿಯಾಗಿ ತಿರುವು!

ಅವಳು ಹಣೆ ಚಚ್ಚಿಕೊಂಡಳು. ಪ್ರತಿ ಸಲ ಗಡಿಯಾರ ಒತ್ತುವ ಮುನ್ನ ತಾನು ಹೇಳುತ್ತಿದ್ದದ್ದು ಒಂದೇ ಮಾತು: “ಅಜ್ಜಿ, ಇನ್ನು ಉಸಿರೆತ್ತಬೇಡಿ.” ಕೈಯಾರೆ ಕಾಲು ಕಟ್ಟಿಹಾಕಿದೆನಲ್ಲ!

“ಬನ್ನಿ ಅಜ್ಜಿ, ಬನ್ನಿ! ಇವತ್ತು ಪದ್ಯ ಹೇಳ್ಕೊಂಡೇ ನಡೀರಿ, ಗಟ್ಟಿಯಾಗಿ!”

“ಇಷ್ಟು ದಿನ ಬಾಯಿಗೆ ಬೀಗ ಜಡಿದಿದ್ದೆಯಲ್ಲೇ ತಾಯಿ, ಬೀಗದ ಕೈ ಈಗ ಸಿಕ್ತಾ?”

ವಯಸ್ಸಾದವರ ವಿಭಾಗದ ಡಾಕ್ಟರೂ ಬಂದು ಗೋಡೆಗೊರಗಿದರು. ಅಜ್ಜಿ ಕುರ್ಚಿಯಲ್ಲಿ ಕೂತರು; ಗಡಿಯಾರ ಒತ್ತಿದ್ದೇ ಎದ್ದರು, ದನಿ ಎತ್ತಿದರು. ಕಾಲು ದನಿಯ ಬೆನ್ನು ಹತ್ತಿತು. ಪಟ್ಟಿ ಮುಟ್ಟಿ, ಮುಗ್ಗರಿಸದೆ ತಿರುಗಿದರು. ಪದ್ಯ ಮುಗಿಯುವುದಕ್ಕೂ ಕುರ್ಚಿ ಸಿಗುವುದಕ್ಕೂ ಸರಿಹೋಯಿತು.

ಗಡಿಯಾರ ನೋಡಿದ ಥೆರಪಿಸ್ಟ್ ನಿಂತಲ್ಲೇ ಕುಣಿದಳು. “ಮನೆಗೆ ಸರ್! ಮನೆಗೇ!”

ಮಗಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಡಾಕ್ಟರು ನಕ್ಕರೂ ತಲೆ ಕೆರೆದುಕೊಂಡರು. “ಉಳಿದವರನ್ನೆಲ್ಲ ಸುಮ್ಮನೆ ನಡೆಸಿ ಅಳೆದಿದ್ದೀವಲ್ಲಮ್ಮ. ಹೋಲಿಸೋದು ಹೇಗೆ?”

“ಮನೇಲಿ ಇವರನ್ನ ಸುಮ್ಮನಿರಿ ಅನ್ನೋರು ಯಾರು ಸರ್? ಅಲ್ಲಿ ಹೇಗೆ ನಡೀತಾರೋ ಅದನ್ನೇ ತಾನೆ ನಾವು ತಿಳ್ಕೋಬೇಕಾದ್ದು?”

“ಅದೇನೋ ನಿಜ. ಆಯ್ತು, ಮನೆಗೇ ಕಳಿಸೋಣ.” ಆದರೂ ಅವರಿಗೆ ತಡೆಯಲಾಗಲಿಲ್ಲ, ಅಜ್ಜಿಯತ್ತ ಬಗ್ಗಿದರು. “ನನ್ನ ಸಮಾಧಾನಕ್ಕೆ, ಅಜ್ಜಿ, ಒಂದೇ ಒಂದು ಸಲ ಬಾಯಿ ಮುಚ್ಕೊಂಡು ನಡೆದು ತೋರಿಸ್ತೀರಾ?”

ಅಜ್ಜಿ ಮಗಳ ಕೈಯಿಂದ ಚೀಲ ಎಳೆದು ತೊಡೆಯ ಮೇಲಿಟ್ಟುಕೊಂಡರು.

“ಆಗೋದಿಲ್ಲ.”